ಥಿಯಾಗೊ ಸಿಲ್ವಾ ಬಗ್ಗೆ ಬರೆದ್ರಿ, ಟಿಬಿ ವಿಷಯ ಯಾಕೆ ಬಿಟ್ರಿ?

ಮಾನ್ಯ ಸಂಪಾದಕರಿಗೆ,

ನಮಸ್ಕಾರ ಸಾರ್. ಮೊನ್ನೆ ನಿಮ್ಮ ಕ್ರೀಡಾ ಪುಟದಲ್ಲಿ ಬ್ರೆಜಿಲ್ ಡಿಫೆಂಡರ್ ಥಿಯಾಗೊ ಸಿಲ್ವಾ ಬಗ್ಗೆ ಅರ್ಧ ಕಾಲಂ ಬರಹ ಬಂದಿತ್ತು. ಹಾಕಿದ್ದಕ್ಕೆ ಮೊದಲು ಥ್ಯಾಂಕ್ಸ್, ಯಾಕಂದ್ರೆ ಕನ್ನಡ ಪೇಪರ್‌ನಾಗೆ ಫುಟ್‌ಬಾಲ್ ಅಂದ್ರೆ ಮೆಸ್ಸಿ, ರೊನಾಲ್ಡೊ, ಆಮೇಲೆ ನೇಮಾರ್, ಅಲ್ಲಿಗೆ ಮುಗೀತು, ಗೋಲ್ ಹೊಡೆದವ್ನ ಫೋಟೋ ಬರುತ್ತೆ, ತಡೆದವ್ನ ಹೆಸರೂ ಬರಲ್ಲ. ಆದ್ರೆ ಓದಿ ಮುಗಿಸಿದ ಮೇಲೆ ಬೇಜಾರಾಯ್ತು. ಅವ್ನು ಆಡಿದ ಕ್ಲಬ್ಬು ಮಿಲಾನ್ ಐತೆ, ಪಿಎಸ್‌ಜಿ (ಪ್ಯಾರಿಸ್ ಕ್ಲಬ್) ಐತೆ, ಲಂಡನ್ನಿನ ಚೆಲ್ಸಿ ಐತೆ, 2014ರ ವರ್ಲ್ಡ್‌ಕಪ್‌ನಾಗೆ ಅತ್ತಿದ್ದು ಐತೆ, ನಲವತ್ತಾದ್ರೂ ಆಡಿದ ಅಂತಾನೂ ಐತೆ. ಮಾಸ್ಕೋದಲ್ಲಿ ಅವ್ನಿಗೆ ಟಿಬಿ ಆಗಿತ್ತು ಅನ್ನೋದು ಮಾತ್ರ ಎಲ್ಲೂ ಇಲ್ಲ. ಒಂದು ಸಾಲೂ ಇಲ್ಲ. ಬೇರೆ ಊರಿನ ಎಡಿಷನ್‌ನಲ್ಲಿ ಬಿಟ್ರೆ ಬಿಡ್ಲಿ ಸಾರ್, ಬಳ್ಳಾರಿ ಎಡಿಷನ್‌ನಲ್ಲಿ ಅದನ್ನ ಬಿಟ್ರೆ ಹೆಂಗೆ?

ಗೊತ್ತಿಲ್ಲದವರಿಗೋಸ್ಕರ ಸ್ವಲ್ಪ ಹೇಳ್ತೀನಿ. ಸಿಲ್ವಾ ಹುಟ್ಟಿದ್ದು 1984ರಲ್ಲಿ, ರಿಯೊ ಡಿ ಜನೈರೊದಲ್ಲಿ. ಚಿಕ್ಕವನಿದ್ದಾಗ ಮಿಡ್‌ಫೀಲ್ಡ್ ಆಡ್ತಿದ್ದ, ದೊಡ್ಡ ಕ್ಲಬ್‌ನವರು ಯಾರೂ ಇಟ್ಕೊಳ್ಳಲಿಲ್ಲ, ಕೊನೆಗೆ ದಕ್ಷಿಣದ ಕಡೆ ಸಣ್ಣ ಕ್ಲಬ್ಬಿಗೆ ಹೋಗಿ ಅಲ್ಲಿಂದ ಜುವೆಂಟೂಡ್‌ಗೆ ಬಂದು ಹಿಂದುಗಡೆ ಆಡೋಕೆ ನಿಂತ. ಅಲ್ಲಿ ಆಡಿದ್ದು ನೋಡಿ 2004ರಲ್ಲಿ ಪೋರ್ಚುಗಲ್‌ನ ಪೋರ್ಟೊ ಕ್ಲಬ್‌ನವರು ಕರ್ಕೊಂಡು ಹೋದ್ರು. ಯೂರೋಪ್‌ಗೆ ಹೋದೆ, ಇನ್ನ ಲೈಫ್ ಸೆಟ್ಲು ಅನ್ಕೊಂಡಿರ್ಬೇಕು ಹುಡುಗ, ಆದ್ರೆ ಮೇನ್ ಟೀಮಿಗೆ ಒಂದು ಮ್ಯಾಚೂ ಇಳಿಸಲಿಲ್ಲ, ಬಿ ಟೀಮ್‌ನಾಗೆ ಆಡಿಸಿ 2005ರಲ್ಲಿ ಡೈನಮೊ ಮಾಸ್ಕೋಗೆ ಕಳಿಸಿದ್ರು. ಅಲ್ಲಿಗೆ ಹೋಗಿ ಟೆಸ್ಟ್ ಮಾಡಿದ್ರೆ ಶ್ವಾಸಕೋಶದ ಟಿಬಿ. ಇಪ್ಪತ್ತರ ಹುಡುಗ, ಭಾಷೆ ಬರಲ್ಲ, ಆ ಚಳಿ ಬೇರೆ, ಹೆಚ್ಚು ಕಡಿಮೆ ಆರು ತಿಂಗಳು ಆಸ್ಪತ್ರೆ. ಡೈನಮೊಗೆ ಒಂದೇ ಒಂದು ಅಫಿಷಿಯಲ್ ಮ್ಯಾಚ್ ಆಡಲಿಲ್ಲ ಅವ್ನು. ಫುಟ್‌ಬಾಲೇ ಬೇಡ, ಬಿಟ್ಟುಬಿಡ್ತೀನಿ ಅಂತ ಕೂತಿದ್ದನಂತೆ, ಅವರಮ್ಮ ಬಿಡೋಕೆ ಬಿಡಲಿಲ್ಲ. 2006ರಲ್ಲಿ ವಾಪಸ್ ಊರಿಗೆ ಬಂದು ಫ್ಲುಮಿನೆನ್ಸ್ ಕ್ಲಬ್ ಸೇರಿದ, 2007ರಲ್ಲಿ ಬ್ರೆಜಿಲ್ ಕಪ್ ಗೆದ್ದ, 2008ರಲ್ಲಿ ದೇಶದ ಟೀಮಿಗೂ ಬಂದ.

ಇದು ಯಾಕೆ ನಮಗೆ ಮುಖ್ಯ ಅಂದ್ರೆ, ನಾನು ಕೆಲಸ ಮಾಡೋದು ಇಲ್ಲೇ ಬಳ್ಳಾರಿಯಲ್ಲಿ ಒಂದು ಜೀನ್ಸ್ ಹೊಲಿಗೆ ಶೆಡ್‌ನಲ್ಲಿ, ಕಟಿಂಗ್ ಕೆಲಸ. ನಮ್ಮ ಊರಿನ ಜೀನ್ಸ್ ಎಲ್ಲೆಲ್ಲೋ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು, ಅದು ಎಂಥ ರೂಮ್‌ನಲ್ಲಿ ತಯಾರಾಗುತ್ತೆ ಅಂತ ಬಂದು ನೋಡಿದವ್ರು ಕಮ್ಮಿ. ಒಂದು ಶೆಡ್‌ನಾಗೆ ಮಷಿನ್‌ಗೆ ಮಷಿನ್ ತಾಗಿಸಿ ಹಾಕಿರ್ತಾರೆ, ಬಟ್ಟೆ ಧೂಳು ಮೂಗಿಗೆ ಬರುತ್ತೆ, ಬಿಸಿಲು ಅಂತ ಕಿಟಕಿ ಮುಚ್ಚಿರ್ತಾರೆ, ಒಬ್ಬ ಕೆಮ್ಮಿದ್ರೆ ಎಲ್ರೂ ಅದೇ ಗಾಳಿ ಕುಡೀಬೇಕು. ಇನ್ನ ಸಂಡೂರು ಕಡೆ ಮೈನ್ಸ್ ಧೂಳಿನದು ಬೇರೆ ಕಥೆ. ಕಲ್ಲು ಒಡೆಯೋ, ಡ್ರಿಲ್ ಹೊಡೆಯೋ ಕಡೆ ಸಿಲಿಕಾ ಧೂಳು ಕುಡಿದವರಿಗೆ ಟಿಬಿ ಬರೋ ಚಾನ್ಸ್ ಜಾಸ್ತಿ ಅಂತ ಡಾಕ್ಟರ್‌ಗಳೇ ಹೇಳ್ತಾರೆ. ಪ್ರಪಂಚದ ಟಿಬಿ ಕೇಸ್‌ನಲ್ಲಿ ನಾಲ್ಕನೇ ಒಂದು ಭಾಗ ನಮ್ಮ ದೇಶದಲ್ಲೇ ಐತೆ. ಇಷ್ಟಿದ್ರೂ ಬಾಯಿ ಬಿಟ್ಟು ಯಾರೂ ಟಿಬಿ ಅನ್ನಲ್ಲ, "ಸ್ವಲ್ಪ ಕೆಮ್ಮು ಜಾಸ್ತಿ ಆಗೈತೆ" ಅಂತಾರೆ ಅಷ್ಟೇ.

ನಮ್ಮ ಶೆಡ್‌ನಲ್ಲೇ ಒಬ್ಬ ಹುಡುಗ ಇದಾನೆ, ಹೆಸರು ಬೇಡ. ಪಾಕೆಟ್ ಹೊಲಿಯೋನು. ಸಂಡೇ ಬಂದ್ರೆ ಗ್ರೌಂಡ್‌ನಲ್ಲಿ ಡಿಫೆನ್ಸ್ ಆಡ್ತಿದ್ದ, ಅವ್ನನ್ನ ದಾಟಿ ಬಾಲ್ ಹೋಗೋದೇ ಕಷ್ಟ ಇತ್ತು. ಕೆಮ್ಮು ಬಿಡ್ತಾನೇ ಇರಲಿಲ್ಲ, ಮೆಡಿಕಲ್ ಶಾಪ್‌ನಲ್ಲಿ ಸಿರಪ್ ಕುಡ್ಕೊಂಡು ದಿನ ತಳ್ಳಿದ, ಪ್ಯಾಂಟ್ ಸೊಂಟದಲ್ಲಿ ನಿಲ್ಲದಂಗೆ ಸಣ್ಣ ಆದ, ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಟೆಸ್ಟ್ ಮಾಡಿಸಿದಾಗ ಗೊತ್ತಾಯ್ತು. ಗೊತ್ತಾದ ದಿನದಿಂದ ಅವ್ನ ಟೀ ಗ್ಲಾಸ್ ಬೇರೆ, ಕಿಟಕಿ ಹತ್ರ ಬೋರಲು ಹಾಕಿ ಇಡೋರು, ಬೇರೆ ಯಾರೂ ಮುಟ್ತಿರಲಿಲ್ಲ. ಟಿಬಿ ಹರಡೋದು ಗಾಳಿಯಿಂದ, ಗ್ಲಾಸಿಂದ ಅಲ್ಲ. ಗ್ಲಾಸ್ ಬೇರೆ ಇಟ್ಟ ಜನಾನೇ ಕಿಟಕಿ ಮಾತ್ರ ತೆಗೀತಿರಲಿಲ್ಲ, ಇದು ನೋಡ್ರಿ ನಮ್ಮ ಬುದ್ಧಿ. ಓನರ್ "ಊರಿಗೆ ಹೋಗಿ ವಾಸಿ ಆದ್ಮೇಲೆ ಬಾ" ಅಂದ. ಗ್ರೌಂಡ್‌ನಲ್ಲೂ ಅಷ್ಟೇ, ಟೀಮ್‌ನವರು ಏನೂ ಅನ್ನಲಿಲ್ಲ ಆದ್ರೆ ಕರೆಯೋದು ಬಿಟ್ರು.

ಮಾತ್ರೆ ಶುರುವಾದ ಹೊಸದರಲ್ಲಿ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ಬಂತು ಅಂತ ಅವ್ರ ಮನೆಯಲ್ಲಿ ಗಾಬರಿ, ರಕ್ತಾನೇ ಹೋಗ್ತೈತೆ ಅಂತ ಅವರಮ್ಮ ಅಳೋಕೆ ಶುರು. ರಿಫಾಂಪಿಸಿನ್ ಅನ್ನೋ ಔಷಧ ಅದರಲ್ಲಿ ಇರುತ್ತೆ, ಅದರಿಂದ ಆ ಬಣ್ಣ ಬರೋದು ಮಾಮೂಲು, ಹೆದರೋ ಹಂಗೆ ಏನಿಲ್ಲ ಅಂತ ಆಸ್ಪತ್ರೆಯವರು ಹೇಳಿದ ಮೇಲೆ ಸಮಾಧಾನ ಆಯ್ತು. ನಿಜವಾದ ತೊಂದರೆ ಬಂದಿದ್ದು ಆಮೇಲೆ. ಎರಡು ತಿಂಗಳಾಗೋ ಹೊತ್ತಿಗೆ ಕೆಮ್ಮು ನಿಂತು, ಊಟ ಸೇರಿ, ಮೈ ಕೈ ತುಂಬ್ಕೊಂಡು ಬಂತಲ್ಲ, ಇನ್ನ ಮಾತ್ರೆ ಯಾಕೆ ಅಂತ ಬಿಡೋಕೆ ರೆಡಿ ಆದ. ಹಂಗೆ ಮಧ್ಯ ಬಿಟ್ರೆ ಟಿಬಿ ವಾಪಸ್ ಬರುತ್ತೆ, ಬಂದಾಗ ಮಾಮೂಲಿ ಔಷಧಕ್ಕೆ ಬಗ್ಗದೇ ಇರಬಹುದು, ಅದಕ್ಕೇ ಆರು ತಿಂಗಳು ಪೂರ್ತಿ ತಗೋಬೇಕು ಅಂತ ಹೇಳೋದು. ಆಸ್ಪತ್ರೆ ಗೋಡೆ ಮೇಲೆ ಪೋಸ್ಟರ್ ಐತೆ, ಆಶಾ ಕಾರ್ಯಕರ್ತೆ ಮನೆಗೆ ಬಂದು ಹೇಳಿದ್ರು, ಯಾವುದೂ ಅವ್ನ ತಲೆಗೆ ಹೋಗಲಿಲ್ಲ.

ಆಗ ನಾನು ಈ ಸಿಲ್ವಾ ಕಥೆ ಹೇಳಿದೆ. ನಂಬಲಿಲ್ಲ. "ಏ ಸುಮ್ನಿರಣ್ಣ, ಟಿಬಿ ಬಂದವ್ನು ಚಾಂಪಿಯನ್ಸ್ ಲೀಗ್ ಹೆಂಗ್ ಆಡ್ತಾನೆ" ಅಂದ (ಯೂರೋಪ್‌ನ ದೊಡ್ಡ ಕ್ಲಬ್‌ಗಳ ಟೂರ್ನಿ ಅದು). ಫೋನ್‌ನಲ್ಲಿ ಹುಡುಕಿ ತೋರಿಸಿದೆ, ಇಂಗ್ಲಿಷ್‌ನಲ್ಲಿ ಇತ್ತು, ನಾನೇ ಓದಿ ಕನ್ನಡದಲ್ಲಿ ಹೇಳಬೇಕಾಯ್ತು. ಕನ್ನಡದಲ್ಲಿ ಸರಿಯಾಗಿ ಒಂದು ಬರಹ ಸಿಗಲಿಲ್ಲ ಸಾರ್, ನನ್ನ ತಕರಾರು ಇರೋದೇ ಇಲ್ಲಿ. ನಿಮ್ಮ ಪೇಪರ್ ನಮ್ಮ ಶೆಡ್‌ಗೆ ದಿನಾ ಬರುತ್ತೆ, ಟೀ ಟೈಮ್‌ನಲ್ಲಿ ಹುಡುಗರು ಕೊನೆ ಪುಟದಿಂದಾನೇ ಓದೋದು. ಆರೋಗ್ಯ ಪುರವಣಿ ಯಾರೂ ಮುಟ್ಟಲ್ಲ, ಅದರ ಮೇಲೆ ಮಿರ್ಚಿ ಇಟ್ಕೊಂಡು ತಿಂತಾರೆ.

ಈಗ ಆಟದ ವಿಷಯಕ್ಕೆ ಬರ್ತೀನಿ, ಅದರಲ್ಲೂ ನನಗೆ ತಕರಾರು ಐತೆ. ನಿಮ್ಮ ಬರಹದಲ್ಲಿ 2014ರ ಸೋಲನ್ನ ಅವ್ನ ತಲೆಗೆ ಕಟ್ಟಿದಂಗೆ ಐತೆ. ಚಿಲಿ ವಿರುದ್ಧ ಪೆನಾಲ್ಟಿ ಶೂಟೌಟ್‌ಗೆ ಮುಂಚೆ ಕ್ಯಾಪ್ಟನ್ ಆಗಿದ್ದವ್ನು ಬಾಲ್ ಮೇಲೆ ಕೂತು ಕಣ್ಣೀರು ಹಾಕಿದ, ನಿಜ, ಎಲ್ರೂ ನೋಡಿದ್ದಾರೆ. ಆದ್ರೆ ಆಮೇಲೆ ಕೊಲಂಬಿಯಾ ವಿರುದ್ಧ ಕ್ವಾರ್ಟರ್ ಫೈನಲ್‌ನಲ್ಲಿ 7ನೇ ನಿಮಿಷಕ್ಕೇ ಗೋಲ್ ಹೊಡೆದವ್ನು ಅವ್ನೇ. ಅದೇ ಮ್ಯಾಚ್‌ನಲ್ಲಿ ಗೋಲ್‌ಕೀಪರ್ ಓಸ್ಪಿನಾ ಬಾಲ್ ಒದೆಯೋಕೆ ಹೋದಾಗ ಅಡ್ಡ ಬಂದ ಅಂತ ಹಳದಿ ಕಾರ್ಡ್, ಅನಾವಶ್ಯಕ ಕಾರ್ಡ್ ಅದು, ಆ ಟೂರ್ನಿಯಲ್ಲಿ ಅವ್ನಿಗೆ ಎರಡನೇದು, ಅದರಿಂದ ಸೆಮಿಫೈನಲ್‌ಗೆ ಸಸ್ಪೆಂಡ್. ಬ್ರೆಜಿಲ್‌ನವರು ಅಪೀಲ್ ಮಾಡಿದ್ರು, ಫಿಫಾ ಒಪ್ಪಲಿಲ್ಲ. ಜುಲೈ 8ರಂದು ಜರ್ಮನಿ 29 ನಿಮಿಷದೊಳಗೆ ಐದು ಗೋಲ್ ಹಾಕಿದಾಗ ಸಿಲ್ವಾ ಗ್ರೌಂಡ್‌ನಲ್ಲೇ ಇರಲಿಲ್ಲ. ಬ್ರೆಜಿಲ್ 7-1ಕ್ಕೆ ಸೋತಿದ್ದು ಅಂದ್ರೆ ಅವ್ನಿಲ್ಲದೆ ಆಡಿದ ಮ್ಯಾಚ್ ಅದು! ಇದ್ದಿದ್ರೆ ಗೆಲ್ತಿದ್ರು ಅಂತ ನಾನು ಹೇಳಲ್ಲ, ಆದ್ರೆ ಅಷ್ಟು ಬಾಗಿಲು ತೆಗೆದುಕೊಂಡು ನಿಲ್ತಿರಲಿಲ್ಲ.

ಮನಸ್ಸು ಗಟ್ಟಿ ಇಲ್ಲದವ್ನು ಅನ್ನೋ ಮಾತಿಗೆ 2015ರ ಮಾರ್ಚ್ 11 ಒಂದೇ ಸಾಕು ಉತ್ತರ. ಲಂಡನ್‌ನಲ್ಲಿ ಚೆಲ್ಸಿ ವಿರುದ್ಧ ಪಿಎಸ್‌ಜಿ, ಚಾಂಪಿಯನ್ಸ್ ಲೀಗ್ ನಾಕೌಟ್, ಇಬ್ರಾಹಿಮೊವಿಚ್‌ಗೆ ಮೊದಲರ್ಧದಲ್ಲೇ ರೆಡ್ ಕಾರ್ಡ್, ಹತ್ತೇ ಜನ. ಹಂಗೂ ಹಿಂಗೂ ಎಕ್ಸ್‌ಟ್ರಾ ಟೈಮ್ ತನಕ ಎಳ್ಕೊಂಡು ಬಂದ್ರು, ಅಲ್ಲಿ ಸಿಲ್ವಾ ಕೈಗೆ ಬಾಲ್ ತಗುಲಿ ಪೆನಾಲ್ಟಿ, ಹಜಾರ್ಡ್ ಗೋಲ್. ಬೇರೆ ಯಾರಾದ್ರೂ ಆಗಿದ್ರೆ ತಲೆ ತಗ್ಗಿಸಿ ಉಳಿದ ಟೈಮ್ ಕಳೀತಿದ್ರು. ಇವ್ನು 114ನೇ ನಿಮಿಷದಲ್ಲಿ ಕಾರ್ನರ್‌ಗೆ ಎಗರಿ ತಲೆಯಲ್ಲಿ ಹೊಡೆದ ನೋಡ್ರಿ, ಬಾಲ್ ಮೇಲಕ್ಕೆದ್ದು ಕೀಪರ್ ಕೂರ್ಟ್ವಾ ಕೈಗೆ ಎಟುಕದಂಗೆ ಬಲೆಯೊಳಗೆ ಬಿತ್ತು. 2-2, ಎರಡು ಮ್ಯಾಚ್ ಸೇರಿ ಸಮ ಆದ್ರೆ ಎದುರಾಳಿ ಗ್ರೌಂಡ್‌ನಲ್ಲಿ ಜಾಸ್ತಿ ಗೋಲ್ ಹೊಡೆದವ್ರು ಗೆದ್ದಂಗೆ ಅನ್ನೋ ಆಗಿನ ಲೆಕ್ಕದಲ್ಲಿ ಪಿಎಸ್‌ಜಿ ಮುಂದಕ್ಕೆ. ಅದಕ್ಕೆ ಒಂದೆರಡು ನಿಮಿಷ ಮುಂಚೇನೂ ಅವ್ನ ಇನ್ನೊಂದು ಹೆಡರ್‌ನ ಕೂರ್ಟ್ವಾ ತಡೆದಿದ್ದ. ಮೊದಲನೇದು ಆಗಲಿಲ್ಲ ಅಂತ ಬಿಡಲಿಲ್ಲ ಮನುಷ್ಯ.

ಮಿಲಾನ್ ದಿನಗಳ ಬಗ್ಗೆ ನೀವು ಸರಿಯಾಗೇ ಬರೆದಿದ್ದೀರಿ, ಇಟಲಿಯ ಡಿಫೆಂಡರ್ ನೆಸ್ಟಾ ಪಕ್ಕ ಆಡಿ ಕಲಿತಿದ್ದು, 2010-11ರ ಲೀಗ್ ಗೆದ್ದಿದ್ದು ಎಲ್ಲ. ಪಿಎಸ್‌ಜಿ 2012ರಲ್ಲಿ ತಗೊಂಡಿದ್ದು, ಏಳು ಲೀಗ್ ಟೈಟಲ್, ಅದೂ ಸರಿ. ಆದ್ರೆ ಒಂದು ಮಜಾ ವಿಷಯ ಬಿಟ್ಟಿದ್ದೀರಿ. 2020ರ ಆಗಸ್ಟ್‌ನಲ್ಲಿ ಪಿಎಸ್‌ಜಿ ಜೊತೆ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಜರ್ಮನಿಯ ಬಯರ್ನ್ ಕ್ಲಬ್‌ಗೆ 1-0ರಿಂದ ಸೋತ, ಕಾಂಟ್ರಾಕ್ಟ್ ಮುಗೀತು, ವಯಸ್ಸಾಯ್ತು ಅಂತ ಕ್ಲಬ್ ಬಿಟ್ಟುಕೊಡ್ತು, ಚೆಲ್ಸಿ ಫ್ರೀಯಾಗಿ ತಗೊಂಡ್ರು. ಅಲ್ಲಿ ಮೊದಲನೇ ಲೀಗ್ ಮ್ಯಾಚ್‌ನಲ್ಲಿ ವೆಸ್ಟ್ ಬ್ರಾಮ್ ವಿರುದ್ಧ ಬಾಲ್ ಕೈಕೊಟ್ಟು ಗೋಲ್ ಬಿಟ್ಟುಕೊಟ್ಟಾಗ ಮುದುಕ ಅಂತ ನಕ್ಕವರು ಎಷ್ಟೋ ಜನ. ಅದೇ ಸೀಸನ್ ಕೊನೆಗೆ, 2021ರ ಮೇ 29ಕ್ಕೆ, 36ನೇ ವಯಸ್ಸಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ. ಎಲ್ಲಿ ಗೊತ್ತಾ? ಪೋರ್ಟೊ ಊರಲ್ಲಿ, ಡ್ರಾಗಾವ್ ಸ್ಟೇಡಿಯಂನಲ್ಲಿ. ಯಾವ ಕ್ಲಬ್‌ನವರು ಇವ್ನನ್ನ ಮೇನ್ ಟೀಮಿಗೆ ಬೇಡ ಅಂತ ಕಳಿಸಿದ್ರೋ ಅವರದೇ ಗ್ರೌಂಡ್. ಫೈನಲ್‌ನಲ್ಲಿ 39ನೇ ನಿಮಿಷಕ್ಕೆ ತೊಡೆಸಂದು ಹಿಡ್ಕೊಂಡು ಹೊರಗೆ ಬರಬೇಕಾಯ್ತು, ಉಳಿದಿದ್ದು ಬೆಂಚ್ ಹತ್ರ ಕೂತು ನೋಡಿದ, ಹಾವರ್ಟ್ಸ್ ಗೋಲ್‌ನಿಂದ ಮ್ಯಾಂಚೆಸ್ಟರ್ ಸಿಟಿ ವಿರುದ್ಧ 1-0 ಗೆದ್ರು. 2024ರಲ್ಲಿ ವಾಪಸ್ ಫ್ಲುಮಿನೆನ್ಸ್‌ಗೆ ಹೋದ, ಆಸ್ಪತ್ರೆಯಿಂದ ಬಂದಾಗ ಕೈ ಹಿಡಿದ ಕ್ಲಬ್ ಅದೇ. 2025ರ ಕ್ಲಬ್ ವರ್ಲ್ಡ್‌ಕಪ್‌ನಲ್ಲಿ ಆ ಟೀಮನ್ನ ಸೆಮಿಫೈನಲ್ ತನಕ ತಂದಾಗ ವಯಸ್ಸು ನಲವತ್ತು. ಒಂದು ಕಾಲದಲ್ಲಿ ಟಿಬಿ ತಿಂದ ಶ್ವಾಸಕೋಶ ಅದು ಸಾರ್.

ಇಲ್ಲೇ ತೋರಣಗಲ್ಲು ಹತ್ರ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಅಂತ ಕ್ರೀಡಾ ತರಬೇತಿ ಕೇಂದ್ರ ಐತೆ, ಬೆಂಗಳೂರು ಎಫ್‌ಸಿ ಅಕಾಡೆಮಿ ಹುಡುಗರು ಅಲ್ಲೇ ಇದ್ದು ತಯಾರಾದ್ರು. ನಮ್ಮ ಊರಿಗೆ ಫುಟ್‌ಬಾಲ್ ಹೊಸದೇನಲ್ಲ, ಓದೋರು ಇದ್ದಾರೆ, ನೀವು ಬರೆದ್ರೆ ಓದ್ತಾರೆ. ಅದಕ್ಕೆ ನನ್ನ ಕೋರಿಕೆ ಏನಪ್ಪಾ ಅಂದ್ರೆ, ಮಾರ್ಚ್ 24ಕ್ಕೆ ವಿಶ್ವ ಟಿಬಿ ದಿನ ಬರುತ್ತೆ, ಅವತ್ತು ಮಂತ್ರಿಗಳು ದೀಪ ಹಚ್ಚೋ ಫೋಟೋ ಹೆಂಗೂ ಒಳಗಿನ ಪುಟದಲ್ಲಿ ಹಾಕ್ತೀರಿ, ಹಾಕ್ರಿ, ಬೇಡ ಅನ್ನಲ್ಲ. ಕ್ರೀಡಾ ಪುಟದಲ್ಲಿ ಮಾತ್ರ ಸಿಲ್ವಾ ಕಥೆ ಪೂರ್ತಿ ಹಾಕ್ರಿ, ಮಾಸ್ಕೋ ಆಸ್ಪತ್ರೆಯಿಂದ ಶುರು ಮಾಡಿ. ಸುಲಭ ಕನ್ನಡದಲ್ಲಿ ಇರ್ಲಿ, "ಕ್ಷಯರೋಗ ನಿರ್ಮೂಲನಾ ಅಭಿಯಾನ" ಅಂತ ಶುರು ಮಾಡಿದ್ರೆ ನಮ್ಮ ಹುಡುಗರು ಪುಟ ತಿರುವ್ತಾರೆ.

ಹುಡುಗ ಮಾತ್ರೆ ಬಿಡಲಿಲ್ಲ. ನನ್ನ ಮಾತಿಂದಲೋ ಅವರಮ್ಮನ ಬೈಗುಳದಿಂದಲೋ ದೇವರಿಗೇ ಗೊತ್ತು. ಈಗ ಬೇರೆ ಶೆಡ್‌ನಲ್ಲಿ ಕೆಲಸ ಮಾಡ್ತಾನೆ, ಅಲ್ಲಿ ಯಾರಿಗೂ ಹೇಳಿಲ್ಲ. ಅವ್ನು ಹೇಳೋದೂ ಬೇಡ ಅನ್ನೋದು ನನ್ನ ಅಭಿಪ್ರಾಯ, ಈಗಿರೋ ಪರಿಸ್ಥಿತಿಯಲ್ಲಿ.

ಆ ಬರಹದ ಕೆಳಗೆ ಒಂದು ಬಾಕ್ಸ್ ಮಾಡಿ ಇಷ್ಟು ಹಾಕಿದ್ರೆ ಉಪಕಾರ ಆಗುತ್ತೆ: ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಟೆಸ್ಟ್ ಫ್ರೀ, ಔಷಧ ಫ್ರೀ, ಟ್ರೀಟ್‌ಮೆಂಟ್ ನಡೆಯೋ ತನಕ ಊಟದ ಖರ್ಚಿಗೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತೆ (ಮುಂಚೆ 500 ಇತ್ತು, 2024ರ ನವೆಂಬರ್‌ನಿಂದ ಜಾಸ್ತಿ ಮಾಡಿದ್ದಾರೆ), ಕೇಳೋದಿದ್ರೆ ಟೋಲ್ ಫ್ರೀ ನಂಬರ್ 1800-11-6666. ನಂಬರ್ ದಪ್ಪ ಅಕ್ಷರದಲ್ಲಿ ಇರ್ಲಿ, ನಮ್ಮ ಶೆಡ್‌ನಲ್ಲಿ ಬೆಳಕು ಕಮ್ಮಿ.

ಇಂತಿ ನಿಮ್ಮ ಓದುಗ,
ಕೌಲ್ ಬಜಾರ್, ಬಳ್ಳಾರಿ