ಸೀಟಿಗೆ ಕಾಯುತ್ತಿರುವವರಿಗೂ ಸೀಟು ಬಿಡುವವರಿಗೂ ಒಂದು ಪತ್ರ

ವಿಷಯ: ಒಂದರಿಂದ ಐದನೇ ತರಗತಿಯ ವೇಟಿಂಗ್ ಲಿಸ್ಟ್, ತಡವಾದ ಪ್ರವೇಶ ಮತ್ತು ವರ್ಗಾವಣೆ

ಮಾನ್ಯ ಪೋಷಕರೇ, ನಮಸ್ಕಾರ.

ಈ ವಾರ ನನ್ನ ಕೊಠಡಿಯ ಹೊರಗಿನ ಬೆಂಚು ಖಾಲಿ ಇದ್ದದ್ದೇ ಇಲ್ಲ. ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಮೇಡಂ, ನಮ್ಮ ನಂಬರ್ ಎಷ್ಟಕ್ಕೆ ಬಂತು?" ಒಬ್ಬೊಬ್ಬರಿಗೆ ಬಿಡಿಯಾಗಿ ಹೇಳಹೊರಟರೆ ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಬಿಟ್ಟುಹೋಗುತ್ತದೆ, ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಅದು ಇನ್ನೇನೋ ಆಗಿರುತ್ತದೆ. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಆ ನಂಬರಿನ ವಿಚಾರ. ಮೊನ್ನೆ ಒಬ್ಬರು ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಫೋಟೊ ತೋರಿಸಿ, "ಹೋದ ತಿಂಗಳು ನಾಲ್ಕು ಇದ್ದದ್ದು ಈಗ ಐದು ಹೇಗಾಯಿತು? ಪಟ್ಟಿ ಮುಂದಕ್ಕೆ ಹೋಗಬೇಕಲ್ಲವೇ?" ಎಂದು ಕೇಳಿದರು. ಅವರ ಧ್ವನಿಯಲ್ಲಿದ್ದ ಅನುಮಾನ ನನಗೆ ಕೇಳಿಸಿತು, ಅದು ಸಹಜವೇ. ಈ ಪಟ್ಟಿ ಟಿಕೆಟ್ ಕೌಂಟರಿನ ಸಾಲಿನಂತೆ ನಡೆಯುವುದಿಲ್ಲ. ನಮ್ಮಲ್ಲಿ ಈಗಾಗಲೇ ಓದುತ್ತಿರುವ ಮಕ್ಕಳ ತಮ್ಮ ತಂಗಿಯರಿಗೆ ಮೊದಲ ಆದ್ಯತೆ, ಆಮೇಲೆ ಮನೆ ಹತ್ತಿರ ಇರುವವರಿಗೆ. ಇವೆರಡೂ ಸಮನಾದಾಗ ಮಾತ್ರ ಅರ್ಜಿಯ ದಿನಾಂಕ ನೋಡುತ್ತೇವೆ. ಮೂರನೇ ತರಗತಿಯಲ್ಲಿ ಅಕ್ಕ ಓದುತ್ತಿರುವ ಮಗುವಿನ ಅರ್ಜಿ ನಿನ್ನೆ ಬಂದರೂ ಅದು ಮೇಲೆ ಹೋಗಿ ಕೂರುತ್ತದೆ, ನಾಲ್ಕು ಐದಾಗುತ್ತದೆ. ಇದು ನಾವೇ ಕಟ್ಟಿಕೊಂಡ ಪದ್ಧತಿಯೇನಲ್ಲ. ಇಂಗ್ಲೆಂಡಿನ ಶಾಲಾ ಪ್ರವೇಶ ನಿಯಮಾವಳಿಯಂತೂ ಇನ್ನೂ ಬಿಗಿ: ಹೆಸರು ಯಾವತ್ತು ಪಟ್ಟಿಗೆ ಸೇರಿತು ಎಂಬುದನ್ನು ನೋಡಿ ಆದ್ಯತೆ ಕೊಡಲೇಬಾರದು, ಹೊಸ ಹೆಸರು ಬಂದಾಗಲೆಲ್ಲ ಪಟ್ಟಿಯನ್ನು ಮತ್ತೆ ಜೋಡಿಸಬೇಕು ಎನ್ನುತ್ತದೆ. ಬೇಗ ಅರ್ಜಿ ಹಾಕುವುದು ಗೊತ್ತಾಗದವರಿಗೂ, ಮನೆ ಬದಲಿಸಿ ತಡವಾಗಿ ಬಂದವರಿಗೂ ಅನ್ಯಾಯವಾಗದಿರಲಿ ಎಂಬ ಉದ್ದೇಶ ಅದರ ಹಿಂದಿದೆ.

ನಂಬರನ್ನು ತರಗತಿ ಬಿಟ್ಟು ಓದಬೇಡಿ. ನಾಲ್ಕನೇ ತರಗತಿಯ ಮೊದಲ ನಂಬರಿಗಿಂತ ಒಂದನೇ ತರಗತಿಯ ಆರನೇ ನಂಬರಿಗೆ ಆಸೆ ಹೆಚ್ಚು ಎಂದರೆ ಯಾರೂ ನಂಬುವುದಿಲ್ಲ. ಆದರೆ ನನ್ನ ಅನುಭವ ಹಾಗೇ ಇದೆ. ಒಂದನೇ ತರಗತಿಗೆ ಪೋಷಕರು ಮೂರು ನಾಲ್ಕು ಕಡೆ ಅರ್ಜಿ ಹಾಕಿರುತ್ತಾರೆ, ಶಾಲೆ ಶುರುವಾದ ಮೊದಲೆರಡು ವಾರದಲ್ಲಿ ಹೆಸರುಗಳು ಅತ್ತಿಂದಿತ್ತ ಓಡಾಡುತ್ತವೆ. ನಾಲ್ಕನೇ ತರಗತಿಯಲ್ಲಿ ಸೀಟು ಖಾಲಿಯಾಗುವುದು ಯಾವುದೋ ಕುಟುಂಬ ಊರು ಬಿಟ್ಟರೆ ಮಾತ್ರ. ಅಲ್ಲಿ ಮೊದಲ ನಂಬರಿನವರು ಇಡೀ ವರ್ಷ ಮೊದಲ ನಂಬರಿನಲ್ಲೇ ಉಳಿದದ್ದೂ ಉಂಟು.

"ಇನ್ನೊಂದೇ ಒಂದು ಕುರ್ಚಿ ಹಾಕಿಬಿಡಿ ಮೇಡಂ" ಎನ್ನುವವರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕುರ್ಚಿ ಹಾಕಲು ಜಾಗ ಇದೆ. ಇಲ್ಲದಿರುವುದು ಟೀಚರ ಸಮಯ. ಒಂದು ನೋಟ್‌ಬುಕ್ ತಿದ್ದಿ, ಮಗುವನ್ನು ಪಕ್ಕಕ್ಕೆ ಕರೆದು "ಇಲ್ಲಿ ಒತ್ತು ಬಿಟ್ಟಿದ್ದೀಯಲ್ಲ" ಎಂದು ತೋರಿಸಲು ಎರಡು ನಿಮಿಷ ಹಿಡಿಯಿರಿ, 30 ಮಕ್ಕಳಿಗೆ ಒಂದು ಗಂಟೆ ಆಯಿತು. ಅದು ಬರೀ ಒಂದು ವಿಷಯಕ್ಕೆ. ಎಷ್ಟು ಮಕ್ಕಳಿಗೆ ಒಬ್ಬ ಗುರು ಎಂಬ ಚರ್ಚೆ ಬಹಳ ಹಳೆಯದು. 12ನೇ ಶತಮಾನದ ಯಹೂದಿ ಪಂಡಿತ ಮೈಮೊನೈಡಿಸ್ 25 ಮಕ್ಕಳಿಗೆ ಒಬ್ಬ ಗುರು, 40ರವರೆಗೆ ಜೊತೆಗೊಬ್ಬ ಸಹಾಯಕ, 40 ದಾಟಿದರೆ ಇಬ್ಬರು ಗುರುಗಳು ಎಂದು ಬರೆದಿಟ್ಟಿದ್ದಾನೆ. 1985ರಲ್ಲಿ ಅಮೆರಿಕದ ಟೆನೆಸಿ ರಾಜ್ಯದಲ್ಲಿ ಶುರುವಾಗಿ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ ಪುಟ್ಟ ಮಕ್ಕಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರನ್ನು 13ರಿಂದ 17 ಮಕ್ಕಳ ತರಗತಿಯಲ್ಲೂ ಉಳಿದವರನ್ನು 22ರಿಂದ 25 ಮಕ್ಕಳ ತರಗತಿಯಲ್ಲೂ ಕೂರಿಸಿ ನೋಡಿದರು. ಸಣ್ಣ ತರಗತಿಯ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಮುಂದಿದ್ದರು. ನಮಗೆ 17 ಮಕ್ಕಳ ತರಗತಿ ಕನಸಿನ ಮಾತು. 30 ದಾಟಿಸದೆ ಇಟ್ಟುಕೊಂಡರೆ ಅದೇ ದೊಡ್ಡದು.

ಇದಕ್ಕೆ ಒಂದೇ ಒಂದು ವಿನಾಯಿತಿ ಇಟ್ಟುಕೊಂಡಿದ್ದೇವೆ. ಅವಳಿ ಮಕ್ಕಳಲ್ಲಿ ಒಂದು 30ನೆಯದಾಗಿ ಸೇರಿದರೆ ಇನ್ನೊಂದನ್ನು 31ನೆಯದಾಗಿ ತೆಗೆದುಕೊಳ್ಳುತ್ತೇವೆ. ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳ ತರಗತಿಗೆ 30ರ ಮಿತಿ ಕಾನೂನಿನಲ್ಲೇ ಇದೆ, ಅಲ್ಲೂ ಅವಳಿಗಳಿಗೆ ಇದೇ ವಿನಾಯಿತಿ. ನಮ್ಮಲ್ಲಿ ಬೇರೆ ಯಾವ ಕಾರಣಕ್ಕೂ ವಿನಾಯಿತಿ ಇಲ್ಲ. ದೊಡ್ಡವರಿಂದ ಫೋನ್ ಮಾಡಿಸಬೇಡಿ ಎಂದು ಇದೇ ಸಂದರ್ಭದಲ್ಲಿ ಕೇಳಿಕೊಳ್ಳುತ್ತೇನೆ. ಅವರಿಗೂ ಮುಜುಗರ, ನನಗೂ ಮುಜುಗರ. ಪಟ್ಟಿಯಲ್ಲಿ ಏನೇ ಬದಲಾದರೂ ರಿಜಿಸ್ಟರಿನಲ್ಲಿ ಕಾರಣ ಬರೆದು ನಾನೂ ಗುಮಾಸ್ತರೂ ಸಹಿ ಹಾಕುತ್ತೇವೆ. ನಿಮ್ಮ ಮಗುವಿನ ಸ್ಥಾನ ಎಲ್ಲಿದೆ, ಏಕೆ ಅಲ್ಲಿದೆ ಎಂದು ಯಾವಾಗ ಬಂದು ಕೇಳಿದರೂ ತೋರಿಸುತ್ತೇವೆ. ಬೇರೆ ಮಕ್ಕಳ ಹೆಸರನ್ನು ಮಾತ್ರ ತೋರಿಸುವುದಿಲ್ಲ.

ಇನ್ನು ಈ ಪತ್ರ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ.

ಒಂದು ವರ್ಷ ಎರಡನೇ ತರಗತಿಯ ಟೀಚರ್ ಎಂಟು ದಿನ ಒಂದು ಹೆಸರನ್ನು ಹಾಜರಿ ಕರೆದರು. ಮಗು ಬರಲಿಲ್ಲ. ಕಿಟಕಿ ಪಕ್ಕದ ಡೆಸ್ಕಿನ ಮೇಲೆ ಬಣ್ಣದ ಕಾಗದದಲ್ಲಿ ಅದರ ಹೆಸರು ಬರೆದು ಅಂಟಿಸಿದ್ದರು. ಜ್ವರವೇನೋ, ಊರಿಗೆ ಹೋಗಿದ್ದಾರೇನೋ ಅಂದುಕೊಂಡೆವು. ಫೋನ್ ಎತ್ತುತ್ತಿರಲಿಲ್ಲ. ಒಂಬತ್ತನೇ ದಿನ ಸಿಕ್ಕ ತಾಯಿ, "ಅಯ್ಯೋ, ಬೇರೆ ಕಡೆ ಸೇರಿಸಿಬಿಟ್ವಿ ಮೇಡಂ, ನಿಮಗೆ ಹೇಳೋಕೆ ಒಂಥರಾ ಆಯ್ತು" ಅಂದರು. ಪಟ್ಟಿಯಲ್ಲಿ ಮೊದಲಿದ್ದ ಮಗುವಿನ ಮನೆಗೆ ತಕ್ಷಣ ಫೋನ್ ಮಾಡಿದೆ. ಅವರು ಕಾದು ಕಾದು ಹಿಂದಿನ ದಿನವಷ್ಟೇ ಇನ್ನೊಂದು ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ ಎಲ್ಲ ತೆಗೆದುಕೊಂಡಿದ್ದರು.

ಎರಡು ಕಡೆ ಸೀಟು ಹಿಡಿದಿಟ್ಟುಕೊಳ್ಳುವುದು ಏಕೆಂದು ನನಗೆ ಅರ್ಥವಾಗುತ್ತದೆ. ಕೈಲಿರುವುದನ್ನು ಬಿಟ್ಟು ಇನ್ನೊಂದೂ ಸಿಗದೆ ಹೋದರೆ ಎಂಬ ಭಯ ಯಾವ ತಂದೆ ತಾಯಿಗೆ ಇಲ್ಲ? ಆದರೆ ಇನ್ನೊಂದು ಶಾಲೆ ಖಚಿತವಾದ ದಿನವೇ ನಮಗೊಂದು ಮೆಸೇಜು ಹಾಕಿ. "ನಾವು ಬರುವುದಿಲ್ಲ" ಎಂಬ ಒಂದು ಸಾಲು ಸಾಕು. ಕಾರಣ ಕೇಳುವುದಿಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ. ಇಲ್ಲಿ ಒಂದು ಸೀಟು ಬಿಟ್ಟರೆ ನಮ್ಮ ಪಟ್ಟಿಯ ಮಗು ಇಲ್ಲಿಗೆ ಬರುತ್ತದೆ, ಅದು ಹಿಡಿದಿದ್ದ ಸೀಟು ಬೇರೆ ಶಾಲೆಯಲ್ಲಿ ಖಾಲಿಯಾಗುತ್ತದೆ, ಅಲ್ಲಿಯ ಪಟ್ಟಿ ಕದಲುತ್ತದೆ. ನೀವು ತಡ ಮಾಡಿದ ಒಂದು ವಾರಕ್ಕೆ ನಿಮಗೆ ಪರಿಚಯವೇ ಇಲ್ಲದ ಮೂರು ನಾಲ್ಕು ಮನೆಗಳು ಕಾಯುತ್ತಿರುತ್ತವೆ. ಈ ವರ್ಷದಿಂದ, ಮೊದಲ ಮೂರು ದಿನ ಮಗು ಬರದಿದ್ದರೆ ನಾವೇ ಫೋನ್ ಮಾಡುತ್ತೇವೆ, ಐದನೇ ದಿನಕ್ಕೂ ಸುದ್ದಿ ಇಲ್ಲದಿದ್ದರೆ ಸೀಟು ಪಟ್ಟಿಯ ಮುಂದಿನ ಮಗುವಿಗೆ ಹೋಗುತ್ತದೆ. ಕಾಯಿಲೆಯಾಗಿದ್ದರೆ ಹೇಳಿ ಸಾಕು, ಸೀಟು ನಿಮ್ಮದೇ.

ತಪ್ಪು ನಮ್ಮಿಂದಲೂ ಆಗಿದೆ. ಕೆಲವು ವರ್ಷಗಳ ಹಿಂದೆ ಸೀಟು ಖಾಲಿಯಾದಾಗ ಒಬ್ಬರಿಗೆ ಸಂಜೆ ಫೋನ್ ಮಾಡಿ, ಎತ್ತದಿದ್ದಾಗ ಮೆಸೇಜು ಹಾಕಿ, ಮರುದಿನ ಮಧ್ಯಾಹ್ನ 12ರೊಳಗೆ ತಿಳಿಸಿ ಅಂದಿದ್ದೆ. 12.15ಕ್ಕೆ ಮುಂದಿನವರಿಗೆ ಕೊಟ್ಟೆ. 12.40ಕ್ಕೆ ಆ ತಾಯಿ ಏದುಸಿರು ಬಿಡುತ್ತ ಬಂದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು ಎದ್ದು ಮೆಸೇಜು ನೋಡಿ ಓಡಿ ಬಂದಿದ್ದರು. ನಿಯಮದಂತೆ ನಾನು ಸರಿ. ಅವತ್ತಿನ ಊಟ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಈಗ ಎರಡು ಪೂರ್ತಿ ಕೆಲಸದ ದಿನ ಕೊಡುತ್ತೇವೆ, ಎರಡು ನಂಬರಿಗೆ ಫೋನ್ ಮಾಡುತ್ತೇವೆ. ನೀವು ಅರ್ಜಿಯಲ್ಲಿ ಬರೆದ ಎರಡನೇ ನಂಬರ್ ಈಗಲೂ ಬಳಕೆಯಲ್ಲಿದೆಯೇ ಎಂದು ಒಮ್ಮೆ ನೋಡಿ.

ಮಕ್ಕಳ ಮಾತಿಗೆ ಬರೋಣ. ಪಟ್ಟಿಯಲ್ಲಿ ಕಾಯುವುದು ದೊಡ್ಡವರ ಕೆಲಸ ಎಂದುಕೊಂಡಿದ್ದೆ, ಒಬ್ಬ ಹುಡುಗಿ ಅದನ್ನು ಸುಳ್ಳು ಮಾಡಿದಳು. ಅವಳು ನಮ್ಮಲ್ಲೇ ಓದುತ್ತಿದ್ದಳು, ಅಪ್ಪ ಅಮ್ಮ ಬೇರೊಂದು ಶಾಲೆಯ ಪಟ್ಟಿಯಲ್ಲಿ ಹೆಸರು ಹಾಕಿಸಿದ್ದರು. ಶಾಲೆ ಶುರುವಾಗಿ ಮೂರು ವಾರವಾದರೂ ಅವಳ ಪುಸ್ತಕಗಳ ಲೇಬಲ್ ಖಾಲಿ. ಟೀಚರ್ ಬರೆಯಲು ಪೆನ್ನು ತೆಗೆದರೆ ಪುಸ್ತಕ ಹಿಂದಕ್ಕೆ ಎಳೆದುಕೊಂಡು, "ಬೇಡ ಮಿಸ್, ನಾನು ಹೋಗ್ತೀನಲ್ಲ" ಎಂದಳಂತೆ. ಆಟಕ್ಕೆ ಕರೆದರೂ ಹೋಗುತ್ತಿರಲಿಲ್ಲ, ಗೆಳತಿ ಮಾಡಿಕೊಂಡರೆ ಬಿಟ್ಟು ಹೋಗಬೇಕಲ್ಲ ಎಂಬ ಲೆಕ್ಕ. ಆ ಸೀಟು ಕೊನೆಗೂ ಬರಲಿಲ್ಲ. ಆದ್ದರಿಂದ ಮಗು ಈಗ ಯಾವ ಶಾಲೆಯಲ್ಲಿದೆಯೋ ಅದೇ ಅದರ ಶಾಲೆ ಎಂಬಂತೆ ಪುಸ್ತಕಕ್ಕೆ ಬೈಂಡ್ ಹಾಕಿ, ಹೆಸರು ಬರೆಯಿರಿ. ಪಟ್ಟಿಯ ಮಾತು ಮಗು ಮಲಗಿದ ಮೇಲೆ ಆಡಿಕೊಳ್ಳಿ.

ವರ್ಷದ ನಡುವೆ ಸೀಟು ಬಂದರೆ ಬದಲಿಸಬೇಕೇ? ಮೊದಲ ತಿಂಗಳಾದರೆ ಧೈರ್ಯವಾಗಿ ಬನ್ನಿ ಎನ್ನುತ್ತೇನೆ. ಅರ್ಧ ವರ್ಷ ಕಳೆದಿದ್ದರೆ, ಮನೆ ಬದಲಾಗಿದೆ ಅಥವಾ ಮಗು ಈಗಿರುವ ಕಡೆ ನಿಜವಾಗಿಯೂ ನೊಂದಿದೆ ಎಂದಾದರೆ ಬನ್ನಿ. ಸೀಟು ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಬೇಡ. ಬೇಡವೆಂದರೆ ಈ ವರ್ಷದ ಪಟ್ಟಿಯಿಂದ ಹೆಸರು ಹೋಗುತ್ತದೆ, ಮುಂದಿನ ವರ್ಷದ ಅರ್ಜಿಗೆ ಅದರಿಂದ ಏನೂ ತೊಂದರೆಯಿಲ್ಲ.

ಹಾಗೆ ತಡವಾಗಿ ಸೇರುವವರು ಅಂಕಪಟ್ಟಿಗಿಂತ ಮುಖ್ಯವಾಗಿ ಹಳೇ ಶಾಲೆಯ ನೋಟ್‌ಬುಕ್‌ಗಳನ್ನು ತನ್ನಿ, ಹರಿದಿದ್ದರೂ ಪರವಾಗಿಲ್ಲ. ಒಂದು ಶಾಲೆಯಲ್ಲಿ ದಶಕ ಸಹಿತ ಕಳೆಯುವ ಲೆಕ್ಕ ಮುಗಿದಿರುತ್ತದೆ, ಇನ್ನೊಂದರಲ್ಲಿ ಶುರುವೇ ಆಗಿರುವುದಿಲ್ಲ. ಅಂಕಪಟ್ಟಿಯಲ್ಲಿ ಅದು ಕಾಣುವುದಿಲ್ಲ, ನೋಟ್‌ಬುಕ್ಕಿನಲ್ಲಿ ಪುಟ ತಿರುವಿದರೆ ಕಾಣುತ್ತದೆ. ಟಿ.ಸಿ. ಬಂದಿಲ್ಲವೆಂದು ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಗವಾಗುವ ಮಗುವಿಗೆ ಟಿ.ಸಿ. ತಡವಾಯಿತೆಂದು ಪ್ರವೇಶ ತಡ ಮಾಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ ಎನ್ನುತ್ತದೆ. ಟಿ.ಸಿ. ಕೊಡಲು ತಡ ಮಾಡುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮ ಎಂಬ ಸಾಲೂ ಅಲ್ಲೇ ಇದೆ, ನಾನು ಆಗಾಗ ಅದನ್ನು ಓದಿಕೊಳ್ಳುತ್ತೇನೆ.

ಸೆಕ್ಷನ್ ಬಗ್ಗೆ ಒಂದು ಮಾತು. ಪಟ್ಟಿ ಒಂದು ಹದಕ್ಕೆ ಬರುವವರೆಗೆ 'ಎ', 'ಬಿ' ಎಂದು ಈಗ ಕೊಟ್ಟಿರುವುದು ಪೆನ್ಸಿಲ್ಲಿನಲ್ಲಿ ಬರೆದದ್ದು. ಒಂದರಲ್ಲಿ 30, ಇನ್ನೊಂದರಲ್ಲಿ 22 ಆದರೆ ನಾಲ್ಕು ಮಕ್ಕಳನ್ನು ಅತ್ತ ಕಳಿಸಲೇಬೇಕಾಗುತ್ತದೆ. ಗೆಳತಿ ಬಿಟ್ಟು ಕೂರುವುದಿಲ್ಲ ಎನ್ನುವ ಮಗು ಇದ್ದರೆ ಈಗಲೇ ಕ್ಲಾಸ್ ಟೀಚರಿಗೆ ಹೇಳಿ, ಆಮೇಲಲ್ಲ.

ಬರುವ ಶುಕ್ರವಾರದೊಳಗೆ ಎರಡು ಕೆಲಸ: ಫೋನ್ ನಂಬರ್ ಬದಲಾಗಿದ್ದರೆ ಕಚೇರಿಗೆ ತಿಳಿಸುವುದು, ಬರುವುದಿಲ್ಲ ಎಂದಾದರೆ ಆ ಒಂದು ಸಾಲು ಕಳಿಸುವುದು. ನನ್ನೊಂದಿಗೆ ಮಾತಾಡಬೇಕಾದವರು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಬನ್ನಿ. ಪಾಠದ ಹೊತ್ತಿನಲ್ಲಿ ನಾನೂ ತರಗತಿಯಲ್ಲಿ ಇರುತ್ತೇನೆ.

ಇಂತಿ,
ಮುಖ್ಯ ಶಿಕ್ಷಕಿ

ತಾ.ಕ.: ಹೊರಗಿನ ಬೆಂಚಿನ ಕೆಳಗೆ ಯಾರೋ ನೀಲಿ ಫೈಲ್ ಬಿಟ್ಟುಹೋಗಿದ್ದೀರಿ. ಒಳಗೆ ಮಗುವಿನ ಜನನ ಪ್ರಮಾಣಪತ್ರದ ಮೂಲಪ್ರತಿಯೇ ಇದೆ. ಗುಮಾಸ್ತರ ಹತ್ತಿರ ಭದ್ರವಾಗಿದೆ, ಬಂದು ತೆಗೆದುಕೊಂಡು ಹೋಗಿ.