ಮೀನು ಅಳೆಯುವ ಮೊದಲು ಬಲೆಯ ಚೀಲ ನೋಡಿ

ಮಾನ್ಯ ಸಂಪಾದಕರೇ,

ನಾನು ಮುಂಬಯಿಯ ಫೋರ್ಟ್‌ನಲ್ಲಿ ಸಣ್ಣದೊಂದು ಮೀನೂಟದ ಹೋಟೆಲ್ ನಡೆಸುತ್ತೇನೆ. ಊರು ಮಲ್ಪೆ. ಬೆಳಗಿನ ಜಾವ ಸಸೂನ್ ಡಾಕ್‌ಗೆ ಹೋಗಿ ಮೀನು ತರುವ ಕೆಲಸವನ್ನು ಇವತ್ತಿಗೂ ಬೇರೆಯವರಿಗೆ ಬಿಟ್ಟಿಲ್ಲ. ಕಳೆದ ವಾರ ಒಂದು ಟ್ರಾಲ್ ಬೋಟ್‌ನಿಂದ ಇಳಿಸಿದ ರಾಶಿಯಲ್ಲಿ ಮದ್ಮಲ್ ಮೀನಿನ ಮರಿಗಳು ಬುಟ್ಟಿಗಟ್ಟಲೆ ಇದ್ದವು. ಒಂದೊಂದೂ ನನ್ನ ಕಿರುಬೆರಳಿನಷ್ಟು. ಸಾರಿಗೂ ಬಾರದು, ಹುರಿಯುವುದಕ್ಕೂ ಬಾರದು. ಮೀನು ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ ಅಂದರು. ನೋಡಿ ಹೊಟ್ಟೆ ಉರಿಯಿತು.

ಮಹಾರಾಷ್ಟ್ರ ಸರ್ಕಾರ 2023ರಲ್ಲಿ 54 ಜಾತಿಯ ಮೀನುಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಿತು. ಅದಕ್ಕಿಂತ ಚಿಕ್ಕದನ್ನು ಹಿಡಿಯಬಾರದು. ಅದೇ ವರ್ಷ ಪಾಪ್ಲೆಟ್ ಅನ್ನು, ಅಂದರೆ ನಮ್ಮ ಮಾಂಜಿಯನ್ನು, ರಾಜ್ಯದ ಮೀನು ಎಂದು ಸಾರಿತು. ಎರಡೂ ಒಳ್ಳೆಯ ಕೆಲಸವೇ. ಆದರೆ ಧಕ್ಕೆಯಲ್ಲಿ ಅಳತೆಪಟ್ಟಿ ಹಿಡಿಯುವ ಹೊತ್ತಿಗೆ ಮೀನು ಸತ್ತು ಎಷ್ಟೋ ಹೊತ್ತಾಗಿರುತ್ತದೆ. ದಂಡ ಹಾಕಬಹುದು, ಮರಿಯನ್ನು ಮತ್ತೆ ಕಡಲಿಗೆ ಕಳಿಸುವುದಕ್ಕೆ ಆಗುವುದಿಲ್ಲ ಅಲ್ವಾ? ಅದು ತಪ್ಪಿಸಿಕೊಳ್ಳಬೇಕಾದ್ದು ನೀರಿನೊಳಗೆ, ಬಲೆಯಿಂದಲೇ.

ನನ್ನ ಅಪ್ಪ ಮಲ್ಪೆಯಲ್ಲಿ ಬಲೆ ಹೆಣೆಯುತ್ತಿದ್ದರು. ಬಲೆಯ ಕಣ್ಣನ್ನು ಎಳೆದು ಹಿಡಿದು, ಗಂಟಿನಿಂದ ಗಂಟಿಗೆ ಅಳೆಯುವುದನ್ನು ಅವರೇ ಕಲಿಸಿದ್ದು. ಟ್ರಾಲ್ ಬಲೆ ಒಂದು ದೊಡ್ಡ ಆಲಿಕೆ ಇದ್ದ ಹಾಗೆ. ಬಾಯಿ ಅಗಲ, ಹಿಂದೆ ಹೋದಂತೆ ಸಪೂರ, ಕೊನೆಯಲ್ಲಿ ಮೀನು ಸೇರುವ ಚೀಲ. ಬೋಟು ಇದನ್ನು ಗಂಟೆಗಟ್ಟಲೆ ಎಳೆಯುತ್ತದೆ. ಮರಿಗಳು ಉಳಿಯುವುದೋ ಸಾಯುವುದೋ ಹೆಚ್ಚಾಗಿ ಆ ಕೊನೆಯ ಚೀಲದಲ್ಲೇ ತೀರ್ಮಾನವಾಗುತ್ತದೆ.

ಮಾಮೂಲಿ ಚೀಲದ ಕಣ್ಣು ಡೈಮಂಡ್ ಆಕಾರದ್ದು. ಬೆಳ್ಳುಳ್ಳಿ ತುಂಬಿ ಬರುವ ಪ್ಲಾಸ್ಟಿಕ್ ಬಲೆ ಚೀಲವನ್ನು ಮೊಳೆಗೆ ತೂಗುಹಾಕಿ ನೋಡಿ. ಭಾರ ಬಿದ್ದೊಡನೆ ಕಣ್ಣುಗಳು ಉದ್ದುದ್ದ ಎಳೆದುಕೊಂಡು ಮುಚ್ಚಿಹೋಗುತ್ತವೆ. ಕಡಲಿನಲ್ಲೂ ಅದೇ ಕಥೆ. ಮೀನು ತುಂಬಿದಷ್ಟೂ ಎಳೆತ ಜಾಸ್ತಿ, ಎಳೆತ ಜಾಸ್ತಿಯಾದಷ್ಟೂ ಕಣ್ಣು ಮುಚ್ಚುತ್ತದೆ. ಅಳತೆಯ ಪ್ರಕಾರ ಕಣ್ಣು ದೊಡ್ಡದೇ ಇದ್ದರೂ ಮರಿಗೆ ದಾರಿ ಇಲ್ಲ. ಅದೇ ಬಲೆಯನ್ನು ಓರೆಯಾಗಿ ತಿರುಗಿಸಿ, ಕಣ್ಣು ಚೌಕವಾಗಿ ನಿಲ್ಲುವಂತೆ ಚೀಲ ಹೊಲಿದರೆ ಎಳೆತವನ್ನು ಉದ್ದಕ್ಕೆ ಹೋಗುವ ದಾರಗಳು ತಡೆದುಕೊಳ್ಳುತ್ತವೆ. ಕಣ್ಣು ತೆರೆದೇ ಇರುತ್ತದೆ, ಮರಿ ನುಸುಳಿ ಹೋಗುತ್ತದೆ. ಹೊಸ ಯಂತ್ರ ಬೇಡ, ಹೊಸ ಬೋಟು ಬೇಡ. ಬಲೆಯನ್ನು ಕತ್ತರಿಸಿ ಜೋಡಿಸುವ ರೀತಿ ಬದಲಾದರೆ ಸಾಕು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು 40 ಮಿಲಿಮೀಟರಿನ ಇಂಥ ಚೌಕ ಕಣ್ಣಿನ ಚೀಲವನ್ನು ಹಿಂದೆಯೇ ಸಿದ್ಧಪಡಿಸಿದ್ದಾರೆ. ಇಲ್ಲೇ ಮಹಾರಾಷ್ಟ್ರದ ಸಿಂಧುದುರ್ಗದ ಬೋಟುಗಳಲ್ಲಿ ಅದನ್ನು ಬಳಸಿಯೂ ನೋಡಿದ್ದಾರೆ.

ಬೋಟಿನವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಡಾಕ್‌ನಲ್ಲಿ ಪರಿಚಯದ ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವವರು, "ಸಣ್ಣ ಮೀನಿನ ದುಡ್ಡಲ್ಲೇ ಡೀಸೆಲ್ ಖರ್ಚು ಒಂದಿಷ್ಟು ಹುಟ್ಟುತ್ತದೆ ಶೆಟ್ರೇ, ನಾನೊಬ್ಬ ಬಿಟ್ಟರೆ ಪಕ್ಕದ ಬೋಟಿನವನು ಹಿಡಿಯುತ್ತಾನೆ" ಎಂದರು. ಅವರ ಮಾತು ಸುಳ್ಳಲ್ಲ. ಚೌಕ ಕಣ್ಣಿನಲ್ಲಿ ಸ್ವಲ್ಪ ಸಿಗಡಿಯೂ ಜಾರಿ ಹೋಗುತ್ತದೆ, ಮೊದಲ ದಿನಗಳಲ್ಲಿ ನಷ್ಟ ಕಾಣುತ್ತದೆ. ಹಾಗಾಗಿಯೇ ಇದು ಒಬ್ಬರು ಸುಮ್ನೆ ಮನಸ್ಸು ಮಾಡಿದರೆ ಆಗುವ ಕೆಲಸವಲ್ಲ. ಎಲ್ಲ ಬೋಟುಗಳೂ ಒಂದೇ ಸಲ ಚೀಲ ಬದಲಿಸಬೇಕು.

ಅದಕ್ಕೆ ಸರಿಯಾದ ಸಮಯ ಮಳೆಗಾಲದ ರಜೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮಹಾರಾಷ್ಟ್ರದ ಕರಾವಳಿಯಲ್ಲಿ ಟ್ರಾಲ್ ಬೋಟು ಕಡಲಿಗೆ ಇಳಿಯುವಂತಿಲ್ಲ. ಬಲೆ ರಿಪೇರಿ ನಡೆಯುವುದೂ ಆಗಲೇ. ಮೀನುಗಾರಿಕೆ ಇಲಾಖೆಯವರು ಆ ದಿನಗಳಲ್ಲೇ ಧಕ್ಕೆಗೆ ಬಂದು ಚೌಕ ಕಣ್ಣಿನ ಚೀಲವನ್ನು ಉಚಿತವಾಗಿ ಕೊಡಲಿ, ಹೊಲಿಯುವ ರೀತಿ ತೋರಿಸಿಕೊಡಲಿ. ಬೋಟು ಹೊರಡುವ ಮುನ್ನ ಚೀಲದೊಳಗೆ ಕೈಹಾಕಿ ನೋಡಲಿ. ಒಳಗೆ ಸಣ್ಣ ಕಣ್ಣಿನ ಇನ್ನೊಂದು ಚೀಲ ಕಟ್ಟಿದ್ದರೆ ಹೊರಗಿನದು ಎಷ್ಟು ಚೌಕವಿದ್ದರೇನು?

ಮುಂಬಯಿಯಲ್ಲಿ ಮೀನಿನ ಹೋಟೆಲ್ ಇಟ್ಟಿರುವ ನಮ್ಮ ಕರಾವಳಿಯವರಿಗೂ ಒಂದು ವಿನಂತಿ. ಅಂಗೈಯಷ್ಟೂ ಇಲ್ಲದ ಮಾಂಜಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ನಾನು ನಿಲ್ಲಿಸಿದ್ದೇನೆ. ಗಿರಾಕಿಗಳು ಕೇಳಿದರೆ ಕಾರಣ ಹೇಳುತ್ತೇನೆ, ಹೆಚ್ಚಿನವರು ಬಂಗುಡೆ ತೆಗೆದುಕೊಳ್ಳುತ್ತಾರೆ.

— ನಿಮ್ಮ ಓದುಗ, ಫೋರ್ಟ್, ಮುಂಬಯಿ