ಕೂಸಿನ ನಿದ್ದೆಗೆ ಹಬ್ಬ ಹೊಂದಿಸು

ಚಿತ್ರದುರ್ಗ
ನವೆಂಬರ್ 28

ಮಗಳೇ,

ದೊಡ್ಡಮ್ಮನ ಆಶೀರ್ವಾದ. ನಾವಿಲ್ಲಿ ಕ್ಷೇಮ. ನೀನು ಕಳಿಸಿದ ಕ್ರಿಸ್‌ಮಸ್ ಹಬ್ಬದ ಪಟ್ಟಿ ಓದಿದೆ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಯಿಟ್ಟು ತೋರಿಸುವ ಗೋದಲಿ, ನಕ್ಷತ್ರ, ಗಿಡ, ಆರು ಥರದ ತಿಂಡಿ, ಕೇಕು, ಮನೆಮನೆಗೆ ಹಾಡುತ್ತಾ ಬರುವ ಕ್ಯಾರಲ್ ತಂಡದವರಿಗೆ ಕಾಫಿ, ಚರ್ಚಿನಲ್ಲಿ ನಡುರಾತ್ರಿಯ ಬಲಿಪೂಜೆ, ಮಾರನೇ ದಿನ ಮನೆ ತುಂಬಾ ನೆಂಟರು. ಸಣ್ಣವಳು ಮಧ್ಯಾಹ್ನ ಎಷ್ಟು ಹೊತ್ತಿಗೆ ಮಲಗುತ್ತಾಳೆ ಅನ್ನೋದೊಂದು ಬಿಟ್ಟು ಎಲ್ಲಾ ಬರೆದಿದ್ದೀಯ. ನಾಲ್ಕು ವರ್ಷದವನೊಬ್ಬ, ಒಂದೂವರೆ ವರ್ಷದವಳೊಬ್ಬಳು ಇರುವ ಮನೆಯಲ್ಲಿ ಮೊದಲು ಬರೆಯಬೇಕಾದದ್ದೇ ಅದು. ಹಗಲು ರಾತ್ರಿ ಸೇರಿ ಅವಳಿಗೆ 11ರಿಂದ 14 ಗಂಟೆ ನಿದ್ದೆ ಬೇಕು, ಅವನಿಗೆ 10ರಿಂದ 13. ಅದರಲ್ಲಿ ಮೂರು ದಿನ ಕದ್ದರೆ ನಾಲ್ಕನೇ ದಿನ ಕೂಸು ಉಣ್ಣಲ್ಲ, ಸುಮ್ಮನೆ ಅಳುತ್ತೆ, ನೀನು ‘ಯಾರ ಕಣ್ಣು ಬಿತ್ತೋ’ ಅಂತ ಫೋನ್ ಮಾಡುತ್ತೀ.

ಪಟ್ಟಿಯಲ್ಲಿ ಆರು ತಿಂಡಿ ಇದ್ದ ಕಡೆ ಮೂರು ಮಾಡು. ಸುರುಳಿ ಸುತ್ತಿ ಕರಿಯುವ ಕಲ್‌ಕಲ್, ಹೂವಿನ ಅಚ್ಚಿನಲ್ಲಿ ಕರಿಯುವ ರೋಸ್ ಕುಕೀಸ್, ಕೇಕು. ಚಕ್ಕುಲಿ, ಕರ್ಜಿಕಾಯಿ ಬೇಕಿದ್ದರೆ ಕೊಂಡು ತಾ. ಕೊಂಡ ಚಕ್ಕುಲಿ ತಟ್ಟೆಯಲ್ಲಿಟ್ಟರೆ ಹಬ್ಬವೇನೂ ಮುನಿಸಿಕೊಳ್ಳಲ್ಲ.

‘ಇನ್ನೆಷ್ಟು ದಿನ’ ಅಂತ ದೊಡ್ಡವನು ದಿನಕ್ಕೆ ಹತ್ತು ಸಲ ಕೇಳುತ್ತಾನೆ. ಡಿಸೆಂಬರ್ 1ಕ್ಕೆ ಬಣ್ಣದ ಕಾಗದದ 24 ಬಳೆ ಅಂಟಿಸಿ ಸರಪಳಿ ಮಾಡಿ ಗೋಡೆಗೆ ಹಾಕು. ರಾತ್ರಿ ಊಟ ಆದ ಮೇಲೆ ಒಂದೊಂದು ಬಳೆ ಅವನೇ ಹರಿಯಲಿ. ಲೆಕ್ಕವೂ ಬರುತ್ತೆ, ‘ಬಳೆ ಹರಿದಾಯ್ತು, ಇನ್ನು ಮಲಗು’ ಅನ್ನುವುದಕ್ಕೊಂದು ನೆಪವೂ ಆಗುತ್ತೆ.

ಗಿಡಕ್ಕೆ ಗಾಳಿಮರದ ಕೊಂಬೆಯೇ ಸಾಕು, ಆದರೆ 20ಕ್ಕಿಂತ ಮೊದಲು ತರಬೇಡ. ಕಡಿದ ಕೊಂಬೆ ವಾರದಲ್ಲಿ ಒಣಗಿ ಸೂಜಿಯಂಥ ಎಲೆ ಉದುರಿಸುತ್ತೆ, ಅಂಬೆಗಾಲಿಡುವ ಕೈಗೆ ಅದೇ ಮೊದಲು ಸಿಗೋದು. ಬಕೆಟ್ಟಿನಲ್ಲಿ ಒದ್ದೆ ಮರಳು ತುಂಬಿ ನಿಲ್ಲಿಸಿ, ನಡುವಿಗೊಂದು ಹಗ್ಗ ಕಟ್ಟಿ ಕಿಟಕಿ ಸರಳಿಗೆ ಬಿಗಿ. ಸಣ್ಣವಳು ಒಮ್ಮೆಯಾದರೂ ಹಿಡಿದು ಎಳೆಯದೆ ಬಿಡಲ್ಲ. ಅವಳ ಕೈಗೆಟಕುವ ಎತ್ತರದಲ್ಲಿ ಬಟ್ಟೆ, ಕಾಗದದ ಗೊಂಬೆ ಕಟ್ಟು. ಗಾಜಿನ ಗುಂಡು ಮೇಲಿರಲಿ. ಕಾಗದದ ನಕ್ಷತ್ರದೊಳಗೆ ಹಳೇ 60 ವ್ಯಾಟಿನ ಬಲ್ಬು ಹಾಕಬೇಡ, ಅದರ ಕಾವಿಗೆ ಕಾಗದ ಕಂದಿ ಸುಡುತ್ತೆ. 3–5 ವ್ಯಾಟಿನ ಎಲ್‌ಇಡಿ ಸಾಕು. ನಕ್ಷತ್ರವನ್ನು ಸೂರಿನ ಒಳಗೇ ತೂಗುಹಾಕು, ಬಯಲಲ್ಲಿ ಕಟ್ಟಿದರೆ ಇಬ್ಬನಿಗೆ ನೆನೆದು ಜೋತುಬೀಳುತ್ತೆ.

ಗೋದಲಿಯ ಕೆಲಸ ಮಾತ್ರ ಪೂರ್ತಿ ಮಕ್ಕಳಿಗೇ ಬಿಡು. ಬೆಟ್ಟಕ್ಕೆ ಸಿಮೆಂಟ್ ಚೀಲದ ಕಾಗದವನ್ನು ಚೆನ್ನಾಗಿ ಒದರಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮುದುಡಿಸಿ ಗುಡ್ಡೆ ಮಾಡು. ನಮ್ಮ ದುರ್ಗದ ಬಂಡೆಗಳ ಹಾಗೇ ಕಾಣುತ್ತೆ, ಬೆತ್ಲೆಹೇಮೂ ಕಲ್ಲುಗುಡ್ಡದ ಊರೇ ಅಲ್ಲವಾ. ಕುರುಬನ ಬೊಂಬೆಗೆ ಚಳ್ಳಕೆರೆ ಕಂಬಳಿಯ ಹಳೇ ಚೂರೊಂದನ್ನು ಹೊದಿಸು, ದೊಡ್ಡವನಿಗೆ ಅವನು ಯಾರು ಅಂತ ಹೇಳಿಕೊಡೋದೇ ಬೇಡ. ಮಣ್ಣಿನ ಬೊಂಬೆ ಮೇಲೆ ಎತ್ತಿಡು, ಆಡಲಿಕ್ಕೆ ಒಡೆಯದ ಮರದ್ದೋ ಪ್ಲಾಸ್ಟಿಕ್ಕಿನದೋ ಇನ್ನೊಂದು ಜೊತೆ ಕೊಡು. ಬಾಲಯೇಸುವನ್ನು 24ರ ರಾತ್ರಿ ತನಕ ಬಚ್ಚಿಡು. ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರನ್ನು ಮನೆಯ ಇನ್ನೊಂದು ಮೂಲೆಯಲ್ಲಿಟ್ಟು ದಿನಕ್ಕೊಂದು ಗೇಣು ಮುಂದೆ ಸರಿಸಲಿ, ಅವರ ಹಬ್ಬದ ದಿನ ಜನವರಿ 6ಕ್ಕೆ ಗೋದಲಿ ಮುಟ್ಟಿದರೆ ಸರಿಯಾಯ್ತು.

ಗೋದಲಿಯ ಹಸಿರಿಗೆ ರಾಗಿ. ಡಿಸೆಂಬರ್ 13ರ ರಾತ್ರಿ ಎರಡು ಹಿಡಿ ರಾಗಿ ನೆನೆಹಾಕು. ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಗಂಟು ಕಟ್ಟಿ ಒಂದು ದಿನ ಇಡು. ಮೊಳಕೆ ಮೂತಿ ತೋರಿದ ಮೇಲೆ ಅಗಲ ತಟ್ಟೆಯಲ್ಲಿ ಒಂದು ಬೆರಳು ದಪ್ಪ ಮಣ್ಣು ಹರಡಿ, ಒತ್ತಾಗಿ ಚೆಲ್ಲಿ, ಎರಡು ದಿನ ಪೇಪರ್ ಮುಚ್ಚು. ಆಮೇಲೆ ಬೆಳಕಿಗಿಡು. ನೀರು ಸುರಿಯಬಾರದು, ಬೆರಳಲ್ಲಿ ಚಿಮುಕಿಸಬೇಕು. ಅದು ದೊಡ್ಡವನ ಕೆಲಸ. ಬೇರಿನ ಸುತ್ತ ಬಿಳಿ ನವಿರು ಕಂಡು ಬೂಷ್ಟು ಅಂತ ಎಸೆಯಬೇಡ. ನೀರು ಚಿಮುಕಿಸಿದಾಗ ಮಾಯವಾದರೆ ಅದು ಬೇರಿನ ಕೂದಲು, ಹಾಗೇ ಉಳಿದು ವಾಸನೆ ಹೊಡೆದರೆ ಬೂಷ್ಟು. ತಿಂಗಳ ಮೊದಲೇ ಬಿತ್ತಿದರೆ ಹಬ್ಬದ ಹೊತ್ತಿಗೆ ಉದ್ದವಾಗಿ ಹಳದಿಗಟ್ಟಿ ಮಲಗಿಬಿಡುತ್ತೆ. ಗೋದಲಿಗೆ ಹುಲ್ಲು ಹಾಸಿದ ಮೇಲೆ ಅದರ ಹತ್ತಿರ ಮೇಣದಬತ್ತಿ ಬೇಡವೇ ಬೇಡ.

ಇನ್ನು ಕಲ್‌ಕಲ್. ನಿನ್ನ ಅಕ್ಕಪಕ್ಕದ ಮನೆಯವರೆಲ್ಲ ಮೊಟ್ಟೆ ಮುಟ್ಟದವರು. ಅವರ ಮನೆಗೆ ಹೋಗುವ ತಟ್ಟೆಯನ್ನು ಲೆಕ್ಕದಲ್ಲಿಟ್ಟುಕೊಂಡೇ ಇದನ್ನು ಮಾಡಬೇಕು. ಅರ್ಧ ಕೆ.ಜಿ. ಮೈದಾ, ನಾಲ್ಕು ಚಮಚ ಚಿರೋಟಿ ರವೆ, 100 ಗ್ರಾಂ ಸಕ್ಕರೆ ಪುಡಿ, ಚಿಟಿಕೆ ಉಪ್ಪು. 50 ಗ್ರಾಂ ಬೆಣ್ಣೆ ಕಾಯಿಸಿ ಹಾಕಿ ತಿಕ್ಕು; ದಾವಣಗೆರೆಯಲ್ಲಿದ್ದುಕೊಂಡು ಡಾಲ್ಡಾ ಹಾಕಿದೆ ಅಂದರೆ ಯಾರೂ ನಂಬಲ್ಲ. ಗಟ್ಟಿ ತೆಂಗಿನಹಾಲು ಸುಮಾರು 200 ಮಿ.ಲೀ. ಹಿಡಿಯುತ್ತೆ, ಒಟ್ಟಿಗೆ ಸುರಿಯದೆ ಸ್ವಲ್ಪಸ್ವಲ್ಪವೇ ಹಾಕುತ್ತಾ ಚಪಾತಿ ಹಿಟ್ಟಿಗಿಂತ ಕೊಂಚ ಗಟ್ಟಿ ಕಲಸು. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡು. ಗೋಲಿ ಗಾತ್ರದ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಎಣ್ಣೆ ಸವರಿ ಒತ್ತಿ, ಸುರುಳಿ ಸುತ್ತಿ ತೆಗೆ. ನಾಲ್ಕು ವರ್ಷದ ಬೆರಳಿಗೆ ಹೇಳಿ ಮಾಡಿಸಿದ ಕೆಲಸ. ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸು. ಅವನದು ಸೊಟ್ಟಗಿದ್ದರೆ ತಿದ್ದಬೇಡ, ಎಣ್ಣೆಗೆ ಬಿದ್ದ ಮೇಲೆ ಎಲ್ಲಾ ಒಂದೇ.

ಕರಿಯುವುದು ಮಾತ್ರ ಮಕ್ಕಳಿಬ್ಬರೂ ಮಲಗಿದ ಮೇಲೆ. ಆದರೆ ಸುತ್ತಿಟ್ಟದ್ದನ್ನು ನಾಳೆಗೆ ಉಳಿಸಬೇಡ, ತೆಂಗಿನಹಾಲಿನ ಹಿಟ್ಟು ರಾತ್ರಿ ಕಳೆದರೆ ಹುಳಿಯಾಗುತ್ತೆ. ಮೇಲೆ ಬಟ್ಟೆ ಮುಚ್ಚದಿದ್ದರೆ ಸಿಪ್ಪೆ ಒಣಗಿ ಎಣ್ಣೆಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತೆ. ಸಕ್ಕರೆ ಹೆಚ್ಚಾದರೆ ಹೊರಗೆ ಬೇಗ ಕೆಂಪಾಗಿ ಒಳಗೆ ಹಸಿ ಉಳಿಯುತ್ತೆ. ಹಿಟ್ಟು ಮೆತ್ತಗಾದರೆ ಎಣ್ಣೆ ಕುಡಿಯುತ್ತೆ. ಮಧ್ಯಮ ಉರಿಯಲ್ಲಿ ಕರಿದು, ಬೇಕಾದ ಬಣ್ಣಕ್ಕಿಂತ ಒಂದು ಕಳೆ ಮೊದಲೇ ತೆಗೆ, ಹೊರಗೆ ಬಂದ ಮೇಲೂ ಕಂದುತ್ತೆ. ಪೂರ್ತಿ ಆರುವ ಮುಂಚೆ ಡಬ್ಬಿ ಮುಚ್ಚಿದರೆ ಹಬೆಗೆ ಮೆತ್ತಗಾಗುತ್ತೆ.

ಅದೇ ಎಣ್ಣೆಯಲ್ಲಿ ರೋಸ್ ಕುಕೀಸ್ ಮಾಡುವುದಾದರೆ ಕ್ರಮ ತಪ್ಪಬೇಡ. ಕಲ್‌ಕಲ್ ಮೊದಲು, ಮೊಟ್ಟೆಯ ರೋಸ್ ಕುಕೀಸ್ ಆಮೇಲೆ. ಹಿಂದುಮುಂದಾದರೆ ನೆರೆಯವರಿಗೆ ‘ಮೊಟ್ಟೆ ಹಾಕಿಲ್ಲ’ ಅಂತ ಹೇಳುವ ಬಾಯಿ ನಿನಗಿರಲ್ಲ. ಅವರ ಡಬ್ಬಿಗೆ ಬೇರೆ ಮುಚ್ಚಳ, ಬೇರೆ ಚಮಚ. ತಟ್ಟೆಯಲ್ಲಿ ಕಲ್‌ಕಲ್, ಬಾಳೆಹಣ್ಣು ಇಟ್ಟು ದೊಡ್ಡವನ ಕೈಯಲ್ಲೇ ಕೊಡಿಸು, ಬಾಗಿಲಲ್ಲಿ ಹೇಳಬೇಕಾದ ಮಾತನ್ನೂ ಅವನಿಗೇ ಕಲಿಸು. ಸಂಕ್ರಾಂತಿಗೆ ಅದೇ ತಟ್ಟೆಯಲ್ಲಿ ಎಳ್ಳುಬೆಲ್ಲ ಬರುತ್ತೆ.

ಸಣ್ಣವಳ ಬಾಯಿಗೆ ಕಲ್‌ಕಲ್, ರೋಸ್ ಕುಕೀಸ್ ಎರಡೂ ಒಣದಾಗಿ ಹೋಗಬಾರದು. ಕಲ್‌ಕಲ್ ಉಸಿರಿನ ದಾರಿಗೆ ಸಿಕ್ಕಿಕೊಳ್ಳುವ ಗಾತ್ರದ್ದು. ಶೇಂಗಾ, ಗೋಡಂಬಿ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್ ಕೂಡ ಅಷ್ಟೇ. ಹಾಲಿನಲ್ಲಿ ನೆನೆದು ಕಿವುಚಿದರೆ ಕರಗುವಷ್ಟಾದ ಮೇಲೆ ಎರಡು ಕೊಡು. ದೊಡ್ಡವನು ಕೂತು ತಿನ್ನಲಿ, ಓಡುತ್ತಾ ಬೇಡ. ಬಂದ ನೆಂಟರು ಕೂಸಿನ ಬಾಯಿಗೆ ಏನಾದರೂ ತುರುಕೋದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಆವತ್ತು ನೀನೇ ಮೂರು ಸಲ ‘ಬೇಡ’ ಅನ್ನಬೇಕು, ಕೆಟ್ಟವಳಾದರೆ ಆಗು.

ಕೇಕಿಗೆ ಒಣಹಣ್ಣನ್ನು ರಮ್ಮಿನಲ್ಲಿ ನೆನೆಸಬೇಡ. ಬೇಯಿಸಿದರೆ ಪೂರ್ತಿ ಆರಿಹೋಗುತ್ತೆ ಅನ್ನೋದು ಸುಳ್ಳು, ಒಂದು ಪಾಲು ಉಳಿದೇ ಉಳಿಯುತ್ತೆ. ಕಿತ್ತಳೆ ರಸದಲ್ಲಿ ನೆನೆಸಿ ಎರಡು ದಿನ ಫ್ರಿಜ್ಜಿನಲ್ಲಿಡು. ಸಕ್ಕರೆ ಸುಟ್ಟು ಪಾಕ ಮಾಡುವಾಗ ಅಡುಗೆಮನೆ ಬಾಗಿಲು ಹಾಕಿಕೋ. ಅದರ ಕಾವು 160 ಡಿಗ್ರಿ ದಾಟಿರುತ್ತೆ, ನೀರು ಹಾಕಿದ ಕೂಡಲೇ ಸಿಡಿಯುತ್ತೆ. ಮೈಮೇಲೆ ಬಿದ್ದರೆ 20 ನಿಮಿಷ ನಲ್ಲಿ ನೀರು ಬಿಡು. ಪೇಸ್ಟು, ಬೆಣ್ಣೆ, ಇಂಕು ಯಾವುದೂ ಬೇಡ. ಮನೆಯಲ್ಲಿ ಮಾಡಿದ ವೈನಿನ ಬಾಟಲಿ ಅಟ್ಟದ ಮೇಲಿರಲಿ, ಮಕ್ಕಳ ಕಣ್ಣಿಗೆ ಅದು ಶರಬತ್ತು.

ನಡುರಾತ್ರಿಯ ಪೂಜೆಗೆ ಇಬ್ಬರನ್ನೂ ಹೊತ್ತುಕೊಂಡು ಹೋಗಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ನಿನ್ನ ಯಜಮಾನರು ರಾತ್ರಿ ಹೋಗಲಿ, ನೀನು ಬೆಳಗಿನ ಪೂಜೆಗೆ ಮಕ್ಕಳೊಡನೆ ಹೋಗು. ಹೋಗಲೇಬೇಕೆಂದರೆ ಮಧ್ಯಾಹ್ನ ಎರಡು ಗಂಟೆ ಮಲಗಿಸು, ಏಳಕ್ಕೆ ಊಟ ಮುಗಿಸು, ಪಕ್ಕದ ಬಾಗಿಲ ಹತ್ತಿರ ಕೂರು. ಒಳಗೆ ಹತ್ತಿ ಅಂಗಿ, ಮೇಲೆ ಸ್ವೆಟರು, ಟೋಪಿ. ಹೊರಗೆ 15–16 ಡಿಗ್ರಿ ಇದ್ದರೂ ಸ್ಕೂಟರಿನ ಗಾಳಿಗೆ ಇನ್ನೂ ಚಳಿ ಹತ್ತುತ್ತೆ. ನಾಲ್ಕು ತುಂಬದ ಮಗುವನ್ನು ಗಾಡಿಯಲ್ಲಿ ಕೂರಿಸಿದರೆ ಬೆಲ್ಟು, ಹೆಲ್ಮೆಟ್ ಕಡ್ಡಾಯ, 40 ಕಿ.ಮೀ. ವೇಗ ಮೀರುವಂತಿಲ್ಲ. ಅದಕ್ಕಿಂತ ಪರಿಚಯದ ಆಟೋದವನಿಗೆ ಸಂಜೆಯೇ ಹೇಳಿಟ್ಟುಕೋ, ಒಂದು ಗಂಟೆ ರಾತ್ರಿಯಲ್ಲಿ ಹುಡುಕಿದರೆ ಸಿಗಲ್ಲ. ಹರಿಹರದ ಆರೋಗ್ಯ ಮಾತೆಯ ಗುಡಿಗೆ ಹೋಗಬೇಕೆಂದರೆ ರಜೆ ನೋಡಿಕೊಂಡು ಹಬ್ಬ ಕಳೆದ ಮೇಲೆ ಒಂದು ಹಗಲು ಹೋಗಿಬನ್ನಿ. ಎಲ್ಲವನ್ನೂ 25ಕ್ಕೇ ತುರುಕಬೇಡ, 26ಕ್ಕೆ ಶಾಲೆ ಇದ್ದರೂ ಇರಬಹುದು.

ಕ್ಯಾರಲ್ ತಂಡದವರಿಗೆ ಮುಂಚೆಯೇ ಹೇಳು, ಎಂಟಕ್ಕಿಂತ ಮೊದಲು ಬನ್ನಿ ಅಂತ. ನಿಮ್ಮ ಓಣಿಯನ್ನೇ ಮೊದಲು ಮುಗಿಸಿಕೊಳ್ಳಲಿ. ಜೊತೆಗೆ ಬರುವ ಕ್ರಿಸ್‌ಮಸ್ ತಾತನ ಹತ್ತಿ ಗಡ್ಡ, ಮುಖವಾಡ ನೋಡಿದರೆ ಸಣ್ಣವಳು ಚೀರುತ್ತಾಳೆ. ಫೋಟೋಗೆಂದು ಅವನ ತೊಡೆಗೆ ತಳ್ಳಬೇಡ, ನಿನ್ನ ಸೊಂಟದ ಮೇಲಿಂದಲೇ ನೋಡಲಿ. ‘ತಂಟೆ ಮಾಡಿದರೆ ತಾತ ಏನೂ ಕೊಡಲ್ಲ’ ಅಂತ ದೊಡ್ಡವನನ್ನು ಹೆದರಿಸಲೂ ಬೇಡ. ಕೊಡುವುದಂತೂ ಕೊಟ್ಟೇ ಕೊಡುತ್ತೀರಿ, ಮುಂದಿನ ವರ್ಷ ಆ ಮಾತು ನಡೆಯಲ್ಲ.

ಉಡುಗೊರೆಗೆ ಬೊಂಬೆ ಒಂದೊಂದೇ ಸಾಕು. ಹಾಡುವ ಕಾರ್ಡು, ಮಿನುಗುವ ಬೊಂಬೆಯಲ್ಲಿ ನಾಣ್ಯದಂಥ ಬಟನ್ ಸೆಲ್ ಇರುತ್ತೆ, ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದನ್ನು ಮನೆಯೊಳಗೇ ಬಿಡಬೇಡ. ನುಂಗಿದರೆ ಅನ್ನನಾಳವನ್ನು ಎರಡೇ ಗಂಟೆಯಲ್ಲಿ ಸುಡಬಲ್ಲದು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡು, ಎಕ್ಸ್‌ರೇ ತೆಗೆಯಲು ಹೇಳು.

ರೋಸ್ ಕುಕೀಸಿನ ಹೊಸ ಅಚ್ಚು ಕೊಳ್ಳಬೇಡ, ಅದು ಹಿಟ್ಟು ಬಿಡಲ್ಲ. ಇಲ್ಲಿರುವ ಹಳೆಯದನ್ನು ಎಣ್ಣೆ ಸವರಿ ಕಾಗದದಲ್ಲಿ ಸುತ್ತಿ, ಅಲ್ಲಿಗೆ ಬರುವವರ ಕೈಯಲ್ಲಿ 15ರೊಳಗೆ ಕಳಿಸುತ್ತೇನೆ. ಕಾದ ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದು. ಅಂಚು ಮುಳುಗಿದರೆ ಹೂವು ಅಚ್ಚಿನಲ್ಲೇ ಕೂತುಬಿಡುತ್ತೆ. ಬಳಸಿದ ಮೇಲೆ ಸೋಪು ಹಾಕಿ ತೊಳೆಯಬೇಡ, ಬಟ್ಟೆಯಲ್ಲಿ ಒರೆಸಿಡು.

ನಿನ್ನ
ದೊಡ್ಡಮ್ಮ